ಕಾವಲುಗಾರ ಬದಲಾದ, ರಿಜಿಸ್ಟರ್ ಎಲ್ಲಿ?

ಇಂಟರ್‌ನೆಟ್ ಕೈಕೊಟ್ಟಾಗ ನಮ್ಮೆಲ್ಲರ ಮನೆಮದ್ದು ಒಂದೇ: ‘ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡು.’ ಬಹಳಷ್ಟು ಸಲ ಈ ಮದ್ದು ನಾಟುತ್ತದೆ ಕೂಡ. ಎರಡು ನಿಮಿಷದಲ್ಲಿ ದೀಪಗಳು ಹಸಿರಾಗುತ್ತವೆ, ವಾಟ್ಸಾಪ್ ಟಿಂಗ್ ಅನ್ನುತ್ತದೆ, ನಿಂತಿದ್ದ ವಿಡಿಯೊ ಮುಂದಕ್ಕೆ ಓಡುತ್ತದೆ.

ಆದರೆ ಒಂದು ವಿಚಿತ್ರ ಗಮನಿಸಿದ್ದೀರಾ? ಎಲ್ಲವೂ ಒಟ್ಟಿಗೆ ವಾಪಸ್ ಬರಲ್ಲ. ವಿಡಿಯೊ ಬಂತು, ಆದರೆ ಆಫೀಸಿನ ಸರ್ವರ್‌ಗೆ ಲಾಗಿನ್ ಆಗಿದ್ದ ಕಪ್ಪು ಪರದೆ ಹಾಗೇ ಕಲ್ಲಾಗಿ ನಿಂತಿದೆ. ಕೀ ಒತ್ತಿದರೆ ಅಕ್ಷರ ಮೂಡಲ್ಲ, ತಪ್ಪಾಗಿದೆ ಅಂತ ಸಂದೇಶವೂ ಇಲ್ಲ. ಅರ್ಧ ಮುಗಿದಿದ್ದ ದೊಡ್ಡ ಫೈಲ್ ಅಲ್ಲೇ ನಿಂತಿದೆ. ನೆಟ್ ಇದೆ, ಆದರೆ ‘ಆ’ ಕನೆಕ್ಷನ್ ಇಲ್ಲ.

ಮನೆಯಲ್ಲಾದರೆ ಇದು ಐದು ನಿಮಿಷದ ಕಿರಿಕಿರಿ. ಸಾವಿರಾರು ಜನರ ಕೆಲಸ ಒಂದೇ ಬಾಗಿಲಿನ ಮೂಲಕ ಸಾಗುವ ಕಡೆ, ಆ ಬಾಗಿಲನ್ನು ರೀಬೂಟ್ ಮಾಡೋದು ಅಂದರೆ ಸಾವಿರಾರು ಮಾತುಕತೆಗಳನ್ನು ನಡುವೆಯೇ ಕತ್ತರಿಸಿದ ಹಾಗೆ. ಅದಕ್ಕೇ ನೆಟ್‌ವರ್ಕ್ ನೋಡಿಕೊಳ್ಳುವವರು ಆ ಪೆಟ್ಟಿಗೆಯನ್ನು ಮುಟ್ಟಲು ಹಿಂಜರಿಯುತ್ತಾರೆ. ಈ ಹಿಂಜರಿಕೆಯ ಹಿಂದಿರುವ ತಾಂತ್ರಿಕ ಕಾರಣ, ಅದಕ್ಕೆ ಇರುವ ಪರಿಹಾರ, ಆ ಪರಿಹಾರದ ಮಿತಿ: ಈ ವಾರದ ಅಂಕಣ ಇಷ್ಟರ ಬಗ್ಗೆ.

ಗೇಟು, ಸೆಕ್ಯೂರಿಟಿ, ರಿಜಿಸ್ಟರ್

ಅಪಾರ್ಟ್‌ಮೆಂಟಿನ ಗೇಟ್ ನೆನಪಿಸಿಕೊಳ್ಳಿ. ಹೊರಗಿನವರು ಸುಮ್ಮನೆ ಬಂದರೆ ಸೆಕ್ಯೂರಿಟಿಯವರು ಬಿಡಲ್ಲ. 304ರವರು ಫೋನ್ ಮಾಡಿ ‘ಪ್ಲಂಬರ್ ಬರ್ತಾರೆ, ಬಿಡಿ’ ಅಂದಿದ್ದರೆ ರಿಜಿಸ್ಟರ್‌ನಲ್ಲಿ ಒಂದು ಸಾಲು ಇರುತ್ತದೆ. ಪ್ಲಂಬರ್ ಬಂದಾಗ ಆ ಸಾಲು ನೋಡಿ ಒಳಗೆ ಬಿಡುತ್ತಾರೆ. ಅಂದರೆ ಒಳಗಿನವರು ಕರೆದಿದ್ದರೆ ಮಾತ್ರ ಹೊರಗಿನವರಿಗೆ ದಾರಿ.

ಇಂದಿನ ಫೈರ್‌ವಾಲ್‌ಗಳು ಕೆಲಸ ಮಾಡುವುದು ಹೀಗೇ. ನಿಮ್ಮ ಲ್ಯಾಪ್‌ಟಾಪ್ ಹೊರಗಿನ ಸರ್ವರ್ ಜತೆ ಮಾತು ಶುರು ಮಾಡಿದ ಕ್ಷಣ ಫೈರ್‌ವಾಲ್ ತನ್ನ ಮೆಮೊರಿಯಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ: ಯಾವ ವಿಳಾಸ, ಯಾವ ಪೋರ್ಟ್, ಎದುರಿಗೆ ಯಾರು, ಅವರ ಪೋರ್ಟ್ ಯಾವುದು, ಮಾತು ಈಗ ಯಾವ ಹಂತದಲ್ಲಿದೆ. ಈ ಪಟ್ಟಿಗೆ ಸ್ಟೇಟ್ ಟೇಬಲ್ ಅಂತ ಹೆಸರು. ಲಿನಕ್ಸ್ ಬಳಗದಲ್ಲಿ ಕನೆಕ್ಷನ್ ಟ್ರ್ಯಾಕಿಂಗ್ ಅಂತಾರೆ. 2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4ರ ಜತೆ ಈ ಸೌಲಭ್ಯ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಓಪನ್‌ಬಿಎಸ್‌ಡಿ 3.0 ಜತೆ ಪಿಎಫ್ ಎಂಬ ಫೈರ್‌ವಾಲ್ ಬಂತು. ಅಲ್ಲಿಯೂ ರಿಜಿಸ್ಟರೇ ಜೀವಾಳ.

ಮನೆ ರೂಟರ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮನೆಯಲ್ಲಿರುವ ಹತ್ತು ಸಾಧನಗಳಿಗೂ ಹೊರಜಗತ್ತಿಗೆ ಕಾಣುವ ವಿಳಾಸ ಒಂದೇ. ಆದ್ದರಿಂದ ಹೊರಗೆ ಹೋಗುವ ಪ್ಯಾಕೆಟ್‌ನ ವಿಳಾಸವನ್ನು, ಬೇಕಾದರೆ ಪೋರ್ಟ್ ಸಂಖ್ಯೆಯನ್ನೂ, ರೂಟರ್ ಬದಲಾಯಿಸುತ್ತದೆ. ಉತ್ತರ ಬಂದಾಗ ‘ಇದು ಲ್ಯಾಪ್‌ಟಾಪ್‌ಗೆ, ಇದು ಟಿವಿಗೆ’ ಅಂತ ಹಂಚುವುದು ಮತ್ತದೇ ರಿಜಿಸ್ಟರ್ ನೋಡಿ. ಇದಕ್ಕೆ ನ್ಯಾಟ್ ಅನ್ನುತ್ತಾರೆ.

ಒಂದೇ ತೊಂದರೆ. ಈ ರಿಜಿಸ್ಟರ್ ಕಾಗದದ್ದಲ್ಲ, ರ್‍ಯಾಮ್‌ನಲ್ಲಿ ಇರುವಂಥದ್ದು. ಕರೆಂಟ್ ಹೋಯಿತು ಅಂದರೆ ಅದೂ ಹೋಯಿತು. ರೀಬೂಟ್ ಅಂದರೆ ಹಳೇ ಸೆಕ್ಯೂರಿಟಿ ಮನೆಗೆ ಹೋಗುವಾಗ ರಿಜಿಸ್ಟರ್ ಹರಿದು ಬಿಸಾಕಿದ ಹಾಗೆ. ಹೊಸಬನಿಗೆ ನಿಯಮವೆಲ್ಲ ಬಾಯಿಪಾಠ, ಆದರೆ ಯಾರು ಯಾರನ್ನು ಕರೆದಿದ್ದಾರೆ ಅನ್ನೋದು ಒಂದಿಷ್ಟೂ ಗೊತ್ತಿಲ್ಲ.

ಎರಡೂ ತುದಿಗೆ ಸುದ್ದಿಯೇ ಇಲ್ಲ

ಇಲ್ಲಿ ಒಂದು ಸ್ವಾರಸ್ಯ ಇದೆ. ಫೈರ್‌ವಾಲ್ ರೀಬೂಟ್ ಆದ ವಿಷಯ ನಿಮ್ಮ ಲ್ಯಾಪ್‌ಟಾಪ್‌ಗೂ ಗೊತ್ತಿಲ್ಲ, ಆ ಕಡೆಯ ಸರ್ವರ್‌ಗೂ ಗೊತ್ತಿಲ್ಲ. ಇಬ್ಬರ ಲೆಕ್ಕದಲ್ಲೂ ಮಾತುಕತೆ ಇನ್ನೂ ಜಾರಿಯಲ್ಲಿದೆ. ಟಿಸಿಪಿ ಎಂಬ ಸಂವಹನ ನಿಯಮಕ್ಕೆ ತಾಳ್ಮೆ ಬಹಳ. ಕಳಿಸಿದ್ದಕ್ಕೆ ಉತ್ತರ ಬರದಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಎರಡು ಪಟ್ಟು ಹೆಚ್ಚು ಹೊತ್ತು ಕಾಯುತ್ತದೆ. ಲಿನಕ್ಸ್‌ನಲ್ಲಿ ಮೊದಲೇ ಹೊಂದಿಸಿಟ್ಟ ಲೆಕ್ಕ 15 ಮರುಯತ್ನ. ಅಷ್ಟೂ ಮುಗಿದು ಕೈಚೆಲ್ಲುವ ಹೊತ್ತಿಗೆ ಕಡಿಮೆ ಅಂದರೂ ಸುಮಾರು 924 ಸೆಕೆಂಡ್, ಅಂದರೆ ಕಾಲು ಗಂಟೆಗೂ ಹೆಚ್ಚು.

ಫೈರ್‌ವಾಲ್ ಒಂದೆರಡು ನಿಮಿಷದಲ್ಲಿ ಎದ್ದು ನಿಲ್ಲುವಂಥದ್ದಾದರೆ, ತುದಿಯಲ್ಲಿರುವ ಇಬ್ಬರೂ ಇನ್ನೂ ಕಾಯುತ್ತಲೇ ಇರುತ್ತಾರೆ. ಅಂದರೆ ಕನೆಕ್ಷನ್ ಸತ್ತಿಲ್ಲ. ನಾವು ಸಾಮಾನ್ಯವಾಗಿ ‘ರೀಬೂಟ್ ಮಾಡಿದ್ದಕ್ಕೆ ಕನೆಕ್ಷನ್ ಹೋಯ್ತು’ ಅಂತೀವಿ. ನಿಜವಾಗಿ ಅದನ್ನು ಕೊಲ್ಲೋದು ಎದ್ದು ನಿಂತ ಫೈರ್‌ವಾಲ್‌ನ ಮರೆವು.

ಆ ಮರೆವು ಮೂರು ರೀತಿ ಕೆಲಸ ಕೆಡಿಸುತ್ತದೆ.

ಮೊದಲನೆಯದು ಮೌನ. ನಡುವಿನಿಂದ ಶುರುವಾದ ಪ್ಯಾಕೆಟ್ ನೋಡಿ ಫೈರ್‌ವಾಲ್ ‘ಈ ಮಾತಿಗೆ ಆರಂಭವೇ ಇಲ್ಲ’ ಅಂದುಕೊಂಡು ಸದ್ದಿಲ್ಲದೆ ಎಸೆಯುತ್ತದೆ. ಕಳಿಸಿದವರು ಕಾಯುತ್ತಾ ಕೂರುತ್ತಾರೆ. ಕಲ್ಲಾದ ಕಪ್ಪು ಪರದೆ ಇದೇ.

ಎರಡನೆಯದು ಕಡ್ಡಿ ಮುರಿದ ಉತ್ತರ. ನ್ಯಾಟ್ ಇದ್ದ ಕಡೆ ಸರ್ವರ್‌ನಿಂದ ಬಂದ ಪ್ಯಾಕೆಟ್ ರೂಟರ್‌ನ ಸ್ವಂತ ವಿಳಾಸಕ್ಕೇ ಬಂದಿರುತ್ತದೆ. ಯಾರಿಗೆ ಕೊಡಬೇಕು ಅನ್ನುವ ಸಾಲು ಅಳಿಸಿಹೋಗಿದೆ. ತಡೆಯುವ ನಿಯಮ ಸರಿಯಾಗಿ ಇಲ್ಲದಿದ್ದರೆ ರೂಟರ್ ಅದನ್ನು ತನಗೇ ಬಂದದ್ದು ಅಂದುಕೊಂಡು ‘ಇಂಥ ಕನೆಕ್ಷನ್ ನನ್ನಲ್ಲಿಲ್ಲ’ ಅಂತ ರೀಸೆಟ್ ಸಂದೇಶ ಕಳಿಸುತ್ತದೆ. ಸರ್ವರ್ ಅದನ್ನು ನಂಬಿ ಬಾಗಿಲು ಹಾಕಿಕೊಳ್ಳುತ್ತದೆ.

ಮೂರನೆಯದು ಹೊಸ ಮುಖ. ಒಳಗಿನ ಲ್ಯಾಪ್‌ಟಾಪ್ ಮೊದಲು ಮಾತಾಡಿತು, ರೂಟರ್ ಹೊಸ ಸಾಲು ಬರೆದು ಹೊಸ ಪೋರ್ಟ್ ಕೊಟ್ಟಿತು ಅಂತಿಟ್ಟುಕೊಳ್ಳಿ. ಮೊದಲು 40000 ಅಂತ ಕಾಣುತ್ತಿದ್ದವರು ಈಗ 45123 ಅಂತ ಕಾಣುತ್ತಾರೆ. ಸರ್ವರ್‌ಗೆ ಇದು ಅಪರಿಚಿತ, ಅದು ಅಲ್ಲಿಂದಲೇ ರೀಸೆಟ್ ಮಾಡುತ್ತದೆ. ಲಿನಕ್ಸ್ ಆಧಾರಿತ ರೂಟರ್‌ಗಳು ಆದಷ್ಟು ಮೂಲ ಪೋರ್ಟ್ ಸಂಖ್ಯೆಯನ್ನೇ ಉಳಿಸಿಕೊಳ್ಳಲು ನೋಡುತ್ತವೆ, ನಡುವಿನಿಂದ ಶುರುವಾದ ಟಿಸಿಪಿ ಮಾತನ್ನೂ ಹೊಸದಾಗಿ ಎತ್ತಿಕೊಳ್ಳುತ್ತವೆ. ಹಾಗಾಗಿ ಕೆಲವೊಮ್ಮೆ ಕನೆಕ್ಷನ್ ಅದೃಷ್ಟದಿಂದ ಬದುಕುತ್ತದೆ. ಪಿಎಫ್ ಮಾತ್ರ ಸುರಕ್ಷತೆಗಾಗಿ ಪೋರ್ಟನ್ನು ಬೇಕೆಂದೇ ಬದಲಿಸುತ್ತದೆ. ಅಲ್ಲಿ ಅದೃಷ್ಟವೂ ಕೈಹಿಡಿಯಲ್ಲ.

ಒಂದು ಸಣ್ಣ ಲೆಕ್ಕ

ಫೈರ್‌ವಾಲ್ ಸರಿಯಾಗಿ 60 ಸೆಕೆಂಡ್ ಕೆಳಗಿತ್ತು, ರಿಜಿಸ್ಟರ್ ಭದ್ರವಾಗಿ ಉಳಿಯಿತು ಅನ್ನೋಣ. 61ನೇ ಸೆಕೆಂಡಿಗೆ ಎಲ್ಲ ಸರಿಹೋಗತ್ತಾ? ಇಲ್ಲ.

ಮೊದಲ ಮರುಯತ್ನ 0.2 ಸೆಕೆಂಡಿಗೆ ಆಯಿತು ಅಂತಿಟ್ಟುಕೊಂಡರೆ, ಕಾಯುವ ಅವಧಿ ದ್ವಿಗುಣವಾಗುತ್ತಾ ಮುಂದಿನವು 0.6, 1.4, 3, 6.2, 12.6, 25.4, 51 ಸೆಕೆಂಡಿಗೆ. ಇಷ್ಟೂ ಯತ್ನ ಮುಚ್ಚಿದ ಬಾಗಿಲಿಗೆ ಬಡಿದು ವ್ಯರ್ಥ. ಮುಂದಿನದು 102.2ನೇ ಸೆಕೆಂಡಿಗೆ. ಬಾಗಿಲು ತೆರೆದ ಮೇಲೂ ನಲವತ್ತೆರಡು ಸೆಕೆಂಡ್ ಆ ಕನೆಕ್ಷನ್ ಸುಮ್ಮನೆ ಕೂತಿರುತ್ತದೆ. ‘ನೆಟ್ ಬಂತು, ಆದ್ರೆ ಇದ್ಯಾಕೆ ಇನ್ನೂ ಬಂದಿಲ್ಲ?’ ಅಂತ ಆ ಕಿಟಕಿ ಮುಚ್ಚಿಬಿಡುವ ಮೊದಲು ಒಂದು ಲೋಟ ನೀರು ಕುಡಿದು ಬನ್ನಿ. ಅರ್ಧ ಸಮಸ್ಯೆ ಹಾಗೇ ಬಗೆಹರಿಯುತ್ತದೆ.

ರಾತ್ರಿ ಎರಡಕ್ಕೆ ರೀಬೂಟ್, ದೂರು ಬೆಳಗ್ಗೆ

ಕಂಪನಿಗಳಲ್ಲಿ ಫೈರ್‌ವಾಲ್ ರೀಬೂಟ್‌ಗೆ ರಾತ್ರಿ ಹೊತ್ತು ಆರಿಸಿಕೊಳ್ಳುವುದು ವಾಡಿಕೆ. ಯಾರೂ ಇರಲ್ಲ, ತೊಂದರೆ ಇಲ್ಲ ಅಂತ. ಆದರೆ ಯಂತ್ರಗಳು ಇರುತ್ತವಲ್ಲ!

ಒಂದು ಅಪ್ಲಿಕೇಶನ್ ಸರ್ವರ್ ಡೇಟಾಬೇಸ್ ಜತೆ ಮುಂಚೆಯೇ ಹತ್ತಾರು ಕನೆಕ್ಷನ್ ತೆರೆದಿಟ್ಟುಕೊಂಡಿರುತ್ತದೆ, ಪ್ರತಿ ಸಲ ಹೊಸದಾಗಿ ತೆರೆಯುವ ಖರ್ಚು ಬೇಡ ಅಂತ. ಇದಕ್ಕೆ ಕನೆಕ್ಷನ್ ಪೂಲ್ ಅನ್ನುತ್ತಾರೆ. ರಾತ್ರಿ ಅವು ಸುಮ್ಮನೆ ಮಲಗಿರುತ್ತವೆ. ನಡುವಿನ ಫೈರ್‌ವಾಲ್ ಎರಡು ಗಂಟೆಗೆ ರೀಬೂಟ್ ಆಗಿ ಎಲ್ಲವನ್ನೂ ಮರೆಯಿತು. ಯಾವ ಎಚ್ಚರಿಕೆ ಗಂಟೆಯೂ ಹೊಡೆಯಲಿಲ್ಲ, ಯಾಕೆಂದರೆ ಆ ಹೊತ್ತಿನಲ್ಲಿ ಯಾರೂ ಏನನ್ನೂ ಕಳಿಸಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಮೊದಲ ಬಳಕೆದಾರರು ಬಟನ್ ಒತ್ತುತ್ತಾರೆ, ಸರ್ವರ್ ಹಳೇ ಕನೆಕ್ಷನ್ ಎತ್ತಿಕೊಂಡು ಪ್ರಶ್ನೆ ಕಳಿಸುತ್ತದೆ, ಫೈರ್‌ವಾಲ್ ನುಂಗುತ್ತದೆ. ಮೇಲೆ ಹೇಳಿದ 924 ಸೆಕೆಂಡ್ ಲೆಕ್ಕ ಈಗ ಶುರು. ರಾತ್ರಿ ಕೆಲಸ ಮಾಡಿದವರು ಗಾಢ ನಿದ್ದೆಯಲ್ಲಿರುತ್ತಾರೆ, ಹಗಲು ಪಾಳಿಯವರು ‘ಡೇಟಾಬೇಸ್ ಸ್ಲೋ’ ಅಂತ ಬೇರೆಲ್ಲೋ ಹುಡುಕುತ್ತಿರುತ್ತಾರೆ.

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಆನ್‌ಕಾಲ್ ಮಾಡುವವರಿಗೆ ಈ ಚಿತ್ರ ಹೊಸದೇನಲ್ಲ.

ದಾರಿ ಒಂದು: ಬರೆದಿಟ್ಟು ಹೋಗು

ಪರಿಹಾರ ಹೊಳೆಯುವುದು ಸುಲಭ. ಹೋಗುವ ಮೊದಲು ರಿಜಿಸ್ಟರ್ ಅನ್ನು ಡಿಸ್ಕ್‌ಗೆ ಬರೆದಿಡು, ಎದ್ದ ಮೇಲೆ ಓದಿಕೋ. ಡ್ಯಾರೆನ್ ರೀಡ್ ಬರೆದ ಐಪಿಫಿಲ್ಟರ್ ಎಂಬ ಹಳೆಯ ಫೈರ್‌ವಾಲ್‌ನಲ್ಲಿ ಇದಕ್ಕೆಂದೇ ಐಪಿಎಫ್‌ಎಸ್ ಎಂಬ ಸಣ್ಣ ಉಪಕರಣ ಇದೆ. ಅದು ಕನೆಕ್ಷನ್ ಪಟ್ಟಿಯನ್ನು ಒಂದು ಫೈಲಿಗೆ, ನ್ಯಾಟ್ ಪಟ್ಟಿಯನ್ನು ಇನ್ನೊಂದು ಫೈಲಿಗೆ ಬರೆಯುತ್ತದೆ, ರೀಬೂಟ್ ಆದ ಮೇಲೆ ಎರಡನ್ನೂ ಕರ್ನೆಲ್‌ಗೆ ವಾಪಸ್ ತುಂಬುತ್ತದೆ. ಓಪನ್‌ಬಿಎಸ್‌ಡಿಯ ಪಿಎಫ್‌ಸಿಟಿಎಲ್ ಎಂಬ ಆಜ್ಞೆಯಲ್ಲೂ ಸ್ಟೇಟ್ ಟೇಬಲನ್ನು ಫೈಲಿಗೆ ಬರೆಯಲು ಒಂದು, ಓದಲು ಒಂದು ಆಯ್ಕೆ ಇದೆ.

ಐಪಿಎಫ್‌ಎಸ್ ಬರೆಯುವ ಮೊದಲು ಇನ್ನೊಂದು ಕೆಲಸ ಮಾಡುತ್ತದೆ. ಪಟ್ಟಿಗೆ ಬೀಗ ಹಾಕುತ್ತದೆ, ಅಂದರೆ ಅದನ್ನು ಯಾರೂ ಬದಲಾಯಿಸದಂತೆ ತಡೆಯುತ್ತದೆ. ಯಾಕೆ? ಬರೆಯುತ್ತಿರುವಾಗಲೇ ಹೊಸ ಕನೆಕ್ಷನ್ ಬಂದು, ಹಳೆಯದು ಹೋಗಿ, ಪಟ್ಟಿ ಅಲುಗಾಡುತ್ತಿದ್ದರೆ ಫೈಲಿನಲ್ಲಿ ಇರೋದಕ್ಕೂ ನಿಜಕ್ಕೂ ತಾಳೆ ಆಗಲ್ಲ. ಬಾಗಿಲು ಮುಚ್ಚಿದ ಮೇಲೆ ಚಿಂತೆ ಕಡಿಮೆ. ಆ ಊರಿಗೆ ಅದೊಂದೇ ಬಾಗಿಲಾದರೆ, ಅದು ಮುಚ್ಚಿರುವಷ್ಟು ಹೊತ್ತು ಒಂದು ಪ್ಯಾಕೆಟ್ಟೂ ದಾಟಲ್ಲ. ಮಾತು ಮುಂದುವರಿಯದೆ ನಿಂತಲ್ಲೇ ನಿಂತಿರುತ್ತದೆ. ಎದ್ದ ಮೇಲೆ ಓದಿಕೊಂಡ ಸಾಲು ಬಹುಪಾಲು ಸರಿಯಾಗಿಯೇ ಇರುತ್ತದೆ.

ಎದ್ದ ಮೇಲೆ ಯಾವುದು ಮೊದಲು ಅನ್ನೋದು ಇನ್ನೂ ಮುಖ್ಯ. ತಡೆಯುವ ನಿಯಮ ಮೊದಲು, ರಿಜಿಸ್ಟರ್ ಓದುವುದು ಆಮೇಲೆ, ಹೊರಗಿನ ತಂತಿ ಜೀವಂತವಾಗುವುದು ಕೊನೆಗೆ. ಈ ಕ್ರಮ ತಪ್ಪಿ, ರಿಜಿಸ್ಟರ್ ಓದುವ ಮೊದಲೇ ನೆಟ್‌ವರ್ಕ್ ತೆರೆದರೆ, ಆ ಒಂದೆರಡು ಸೆಕೆಂಡಿನಲ್ಲಿ ಬಂದ ಪ್ಯಾಕೆಟ್‌ಗೆ ರೀಸೆಟ್ ಹೋಗಿಬಿಡಬಹುದು. ಅಷ್ಟಾದರೆ ಉಳಿಸಿಟ್ಟ ಸಾಲು ಇದ್ದೂ ಉಪಯೋಗವಿಲ್ಲ. ಆ ಸಮಯದಲ್ಲಿ ‘ಇಲ್ಲ’ ಅಂತ ಹೇಳುವುದಕ್ಕಿಂತ ಸುಮ್ಮನಿರುವ ಕಾವಲುಗಾರ ಮೇಲು. ಸುಮ್ಮನೆ ಎಸೆದ ಪ್ಯಾಕೆಟ್ ಮತ್ತೆ ಬರುತ್ತದೆ, ರೀಸೆಟ್ ಆದ ಕನೆಕ್ಷನ್ ಬರಲ್ಲ.

ಈ ದಾರಿಯ ಮಿತಿ ಏನು? ಇದು ಮೊದಲೇ ಗೊತ್ತಿದ್ದು ಮಾಡುವ ರೀಬೂಟ್‌ಗೆ ಮಾತ್ರ. ಕರೆಂಟ್ ಫಟ್ ಅಂತ ಹೋದರೆ ಬರೆದಿಡಲು ಪುರುಸೊತ್ತೆಲ್ಲಿ? ಇನ್ನೊಂದು, ಹೆಚ್ಚಿನ ರೀಬೂಟ್‌ಗಳು ಆಗುವುದೇ ಸಾಫ್ಟ್‌ವೇರ್ ಹೊಸದು ಮಾಡುವಾಗ. ಹೊಸ ಆವೃತ್ತಿಯಲ್ಲಿ ಪಟ್ಟಿಯ ರಚನೆ ಬದಲಾಗಿದ್ದರೆ ಹಳೇ ಫೈಲ್ ಓದಲು ಬರದೆ ಹೋಗಬಹುದು. ಬೇಕಾದ ಹೊತ್ತಿಗೇ ಕೈಕೊಡುವ ನೆಂಟರ ಹಾಗೆ.

ದಾರಿ ಎರಡು: ಇಬ್ಬರು ಕಾವಲುಗಾರರು

ಎರಡನೇ ದಾರಿಗೆ ಖರ್ಚು ಹೆಚ್ಚು, ಆದರೆ ಭದ್ರ. ಗೇಟಿಗೆ ಇಬ್ಬರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಆಗಿಂದಾಗಲೇ ನಕಲು ಮಾಡಿಕೊಳ್ಳುತ್ತಾರೆ. ಮೊದಲಿನವರು ಕುಸಿದರೆ ಎರಡನೆಯವರು ಅದೇ ಕುರ್ಚಿಯಲ್ಲಿ ಕೂರುತ್ತಾರೆ.

ಓಪನ್‌ಬಿಎಸ್‌ಡಿ 2003ರಲ್ಲಿ ತನ್ನ 3.3 ಆವೃತ್ತಿಯಲ್ಲಿ ಪಿಎಫ್‌ಸಿಂಕ್ ತಂದಿತು. ಅದು ಸ್ಟೇಟ್ ಟೇಬಲ್‌ನ ಬದಲಾವಣೆಗಳನ್ನು ಜೊತೆಗಾರ ಯಂತ್ರಕ್ಕೆ ಕಳಿಸುತ್ತದೆ. ಮರುವರ್ಷ 3.5ರಲ್ಲಿ ಕಾರ್ಪ್ ಬಂತು. ಎರಡು ಯಂತ್ರಗಳು ಒಂದೇ ವಿಳಾಸವನ್ನು ಹಂಚಿಕೊಂಡು, ಒಂದು ಬಿದ್ದರೆ ಇನ್ನೊಂದು ಆ ವಿಳಾಸಕ್ಕೆ ಉತ್ತರ ಕೊಡುವ ವ್ಯವಸ್ಥೆ ಅದು. ಲಿನಕ್ಸ್‌ನಲ್ಲಿ ರಿಜಿಸ್ಟರ್ ನಕಲು ಮಾಡುವ ಕೆಲಸಕ್ಕೆ ಕಾನ್‌ಟ್ರ್ಯಾಕ್‌ಡಿ ಇದೆ.

ಇಂಥ ಜೋಡಿ ಇದ್ದರೆ ರೀಬೂಟ್ ಅನ್ನೋದು ಪಾಳಿ ಬದಲಾವಣೆ ಅಷ್ಟೇ. ಮೊದಲನೆಯದನ್ನು ಬದಿಗೆ ಸರಿಸಿ, ಹೊಸ ಸಾಫ್ಟ್‌ವೇರ್ ಹಾಕಿ, ಎಬ್ಬಿಸಿ. ಎದ್ದ ತಕ್ಷಣ ಅದು ಜೊತೆಗಾರನಿಂದ ಪೂರ್ತಿ ಪಟ್ಟಿ ಕೇಳಿ ತುಂಬಿಕೊಳ್ಳುತ್ತದೆ. ಆ ಪಟ್ಟಿ ಬಂದು ಮುಗಿಯುವವರೆಗೆ ಮುಖ್ಯ ಕುರ್ಚಿಗೆ ಹಕ್ಕು ಸಾಧಿಸದಂತೆ ಓಪನ್‌ಬಿಎಸ್‌ಡಿ ತಡೆದಿಡುತ್ತದೆ. ಅರ್ಧ ರಿಜಿಸ್ಟರ್ ಹಿಡಿದವನು ಗೇಟಿನಲ್ಲಿ ಕೂರಬಾರದು ಅನ್ನುವ ವಿವೇಕ ಅಲ್ಲಿದೆ.

ಒಂದು ಎಚ್ಚರಿಕೆ. ಪಿಎಫ್‌ಸಿಂಕ್ ತಾನಾಗಿ ಗುಟ್ಟು ಕಾಯಲ್ಲ, ಎದುರಿಗಿರುವುದು ನಿಜವಾದ ಜೊತೆಗಾರನೇ ಅಂತ ಪರೀಕ್ಷಿಸುವುದೂ ಇಲ್ಲ. ಅದಕ್ಕೇ ಎರಡು ಯಂತ್ರಗಳ ನಡುವೆ ಬೇರೆ ಯಾರೂ ಬಳಸದ ಪ್ರತ್ಯೇಕ ಕೇಬಲ್ ಎಳೆಯುತ್ತಾರೆ.

ಮರೆಯಲೇಬೇಕಾದಾಗ

ಹಾಗಾದರೆ ನೆನಪು ಉಳಿಸಿಕೊಳ್ಳುವುದು ಯಾವಾಗಲೂ ಒಳ್ಳೆಯದಾ? ಅಲ್ಲ. ಅವಸರದಲ್ಲಿ ಬಿಟ್ಟುಹೋಗುವ ಸಂಗತಿ ಇದು.

ಪಿಎಫ್‌ನಂಥ ಫೈರ್‌ವಾಲ್‌ಗೆ ಪ್ಯಾಕೆಟ್ ಬಂದಾಗ ಅದು ಮೊದಲು ನೋಡುವುದು ರಿಜಿಸ್ಟರನ್ನು, ಆಮೇಲೆ ನಿಯಮವನ್ನು. ರಿಜಿಸ್ಟರ್‌ನಲ್ಲಿ ಹೆಸರಿದ್ದರೆ ನಿಯಮದ ಪ್ರಶ್ನೆಯೇ ಏಳಲ್ಲ. ‘ಈ ಮನುಷ್ಯನನ್ನು ಇನ್ನು ಒಳಗೆ ಬಿಡಬೇಡಿ’ ಅಂತ ಇವತ್ತು ಹೊಸ ನಿಯಮ ಬರೆದಿದ್ದೀರಿ, ಆದರೆ ನಿನ್ನೆಯ ಸಾಲು ಹಾಗೇ ಇದೆ. ಅವನು ಬರುತ್ತಲೇ ಇರುತ್ತಾನೆ. ಆ ಸಾಲನ್ನು ಕೈಯಾರೆ ಅಳಿಸಬೇಕು. ಯಾರೋ ಒಳನುಗ್ಗಿದ್ದಾರೆ ಅನ್ನುವ ಅನುಮಾನದ ಮೇಲೆ ರೀಬೂಟ್ ಮಾಡುತ್ತಿದ್ದರೆ, ಹಳೇ ರಿಜಿಸ್ಟರ್ ಉಳಿಸುವುದು ಅಂದರೆ ಕಳ್ಳನ ಪಾಸನ್ನೂ ನವೀಕರಿಸಿ ಕೊಟ್ಟ ಹಾಗೆ. ಅಂಥ ದಿನ ಎಲ್ಲರ ಕನೆಕ್ಷನ್ ಕಡಿದರೂ ಪರವಾಗಿಲ್ಲ, ಖಾಲಿ ಪುಟದಿಂದ ಶುರು ಮಾಡಬೇಕು.

ಸಾಲುಗಳಿಗೆ ಆಯುಷ್ಯ ಇರುವುದೂ ಇದಕ್ಕೇ. ಮಾತು ಮುಗಿದ ಸುದ್ದಿ ಮುಚ್ಚಿದ ಬಾಗಿಲಿಗೆ ಬಡಿದು ಕಳೆದುಹೋಗಿದ್ದರೆ ಆ ಸಾಲು ಯಾರಿಗೂ ಬೇಡದೆ ಉಳಿಯುತ್ತದೆ. ಸುಮ್ಮನಿರುವ ಟಿಸಿಪಿ ಕನೆಕ್ಷನನ್ನು ಲಿನಕ್ಸ್ ಮೊದಲೇ ಹೊಂದಿಸಿದ ಲೆಕ್ಕದಂತೆ 5 ದಿನ, ಪಿಎಫ್ 24 ಗಂಟೆ ನೆನಪಿಟ್ಟುಕೊಳ್ಳುತ್ತದೆ. ಕಡಿಮೆ ಅಂದರೂ 2 ಗಂಟೆ 4 ನಿಮಿಷ ಇರಲೇಬೇಕು ಅಂತ 2008ರ ಆರ್‌ಎಫ್‌ಸಿ 5382 ಎಂಬ ಮಾರ್ಗಸೂಚಿ ನ್ಯಾಟ್‌ಗಳಿಗೆ ಹೇಳುತ್ತದೆ. ‘ಇದ್ದೀಯಾ?’ ಅಂತ ಟಿಸಿಪಿ ವಿಚಾರಿಸುವ ಮಾಮೂಲಿ ಅಂತರ ಎರಡು ಗಂಟೆ, ಅದರ ಮೇಲೆ ನಾಲ್ಕು ನಿಮಿಷ ರಿಯಾಯಿತಿ.

ಉಳಿಸಿಟ್ಟ ಫೈಲಿನ ಗುಟ್ಟಿನ ಬಗ್ಗೆಯೂ ಯೋಚಿಸಿ. ಯಾರ ಯಂತ್ರ ಯಾವ ವಿಳಾಸದ ಜತೆ ಮಾತಾಡುತ್ತಿತ್ತು ಅನ್ನುವ ಪೂರ್ತಿ ಚಿತ್ರ ಅದರಲ್ಲಿದೆ. ಏನು ಮಾತಾಡಿದರು ಅನ್ನೋದು ಇರಲ್ಲ, ಯಾರ ಜತೆ ಅನ್ನೋದು ಇರತ್ತೆ. ಗೇಟಿನ ರಿಜಿಸ್ಟರ್ ಓದಿದವರಿಗೆ ಇಡೀ ಅಪಾರ್ಟ್‌ಮೆಂಟಿನ ಓಡಾಟ ಗೊತ್ತಾಗಲ್ವಾ, ಹಾಗೇ. ಆ ಫೈಲ್ ಕಂಡಕಂಡವರ ಕಣ್ಣಿಗೆ ಬೀಳಬಾರದು.

ನೆನಪು ಎಲ್ಲಿರಬೇಕಿತ್ತು?

ಇಲ್ಲೊಂದು ಹಳೇ ಮಾತು ಹೇಳಬೇಕು. ಇಂಟರ್‌ನೆಟ್ ಕಟ್ಟಿದವರು ನಡುವಿನ ಯಂತ್ರಗಳಿಗೆ ಬೇಕೆಂದೇ ನೆನಪು ಕೊಟ್ಟಿರಲಿಲ್ಲ. ಎಂಐಟಿಯ ಡೇವಿಡ್ ಕ್ಲಾರ್ಕ್ 1988ರಲ್ಲಿ ಆ ವಿನ್ಯಾಸದ ಹಿಂದಿನ ಯೋಚನೆಯನ್ನು ವಿವರಿಸಿ ಒಂದು ಪ್ರಬಂಧ ಬರೆದರು. ಅದರಲ್ಲಿ ಬರುವ ಒಂದು ತತ್ವಕ್ಕೆ ಫೇಟ್ ಶೇರಿಂಗ್ ಅಂತ ಹೆಸರು. ಮಾತುಕತೆಯ ನೆನಪು ಮಾತಾಡುವ ಇಬ್ಬರಲ್ಲೇ ಇರಲಿ, ಅವರಲ್ಲೊಬ್ಬರು ಹೋದರೆ ಮಾತ್ರ ನೆನಪು ಹೋಗಲಿ, ದಾರಿಯಲ್ಲಿರುವ ಯಂತ್ರ ಕುಸಿದರೆ ಮಾತಿಗೆ ಏನೂ ಆಗಬಾರದು ಅನ್ನೋದು ಅದರ ಸಾರ. ಟಿಸಿಪಿಗೆ ಕಾಲು ಗಂಟೆ ಕಾಯುವ ತಾಳ್ಮೆ ಸುಮ್ಮನೆ ಬಂದದ್ದಲ್ಲ.

ಆಮೇಲೆ ಕಳ್ಳಕಾಕರ ಭಯ ಬಂತು, ವಿಳಾಸಗಳ ಬರ ಬಂತು. ನಾವು ನಡುದಾರಿಯಲ್ಲಿ ಗೇಟ್ ಹಾಕಿ ಅದರ ಕೈಗೆ ರಿಜಿಸ್ಟರ್ ಕೊಟ್ಟೆವು. ಗೇಟ್ ಬೇಕಿತ್ತು, ನಿಜ. ಆದರೆ ಅಂದಿನಿಂದ ಮಾತಿನ ಹಣೆಬರಹದಲ್ಲಿ ಕಾವಲುಗಾರನ ಮರೆವೂ ಸೇರಿಕೊಂಡಿತು.

ಹೊಸ ತಂತ್ರಜ್ಞಾನಗಳು ಆ ನೆನಪನ್ನು ಮತ್ತೆ ತುದಿಗೆ ಒಯ್ಯುತ್ತಿವೆ. 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಅಧಿಕೃತವಾದ ಕ್ವಿಕ್‌ನಲ್ಲಿ ಪ್ರತಿ ಕನೆಕ್ಷನ್‌ಗೂ ತನ್ನದೇ ಗುರುತಿನ ಸಂಖ್ಯೆ ಇದೆ. ರೂಟರ್ ಎಲ್ಲ ಮರೆತು ಹೊಸ ಪೋರ್ಟ್ ಕೊಟ್ಟರೂ, ಒಳಗಿನವರು ಮೊದಲು ಮಾತಾಡಿದರೆ ಸರ್ವರ್ ಆ ಸಂಖ್ಯೆ ನೋಡಿ ಗುರುತು ಹಿಡಿಯುತ್ತದೆ. ವೈರ್‌ಗಾರ್ಡ್ ವಿಪಿಎನ್ ಕೂಡ ವಿಳಾಸಕ್ಕಿಂತ ಕೀಲಿಯನ್ನು ನಂಬುತ್ತದೆ, ಎದುರಿನವರು ಹೊಸ ವಿಳಾಸದಿಂದ ಮಾತಾಡಿದರೂ ಕೀಲಿ ಸರಿಯಿದ್ದರೆ ಮುಂದುವರಿಯುತ್ತದೆ. ರೀಬೂಟ್ ಆದ ಮೇಲೆ ಕೆಲವು ಆ್ಯಪ್ ತಕ್ಷಣ ಚೇತರಿಸಿಕೊಂಡು, ಎಸ್‌ಎಸ್‌ಎಚ್ ಕಿಟಕಿ ಕಲ್ಲಾಗುವುದಕ್ಕೆ ಇದೂ ಒಂದು ಕಾರಣ.

ನಾಳೆಯಿಂದಲೇ ಮಾಡಬಹುದಾದದ್ದು

ಮನೆಯಲ್ಲಿ: ರೂಟರ್‌ಗೆ ಸಿಗುವ ಸಣ್ಣ ಯುಪಿಎಸ್ ಒಂದು ಹಾಕಿಡಿ. ಕರೆಂಟ್ ಹೋಗಿ ಬರುವ ನಮ್ಮೂರುಗಳಲ್ಲಿ ಸ್ಟೇಟ್ ಟೇಬಲ್ ಉಳಿಸುವ ಅತಿ ಸುಲಭ ಉಪಾಯ ಅದು, ಯಾಕೆಂದರೆ ಅಲ್ಲಿ ರೀಬೂಟೇ ಆಗಲ್ಲ. ಫೈಬರ್ ಬಂದು ಸೇರುವ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಬೇಕು. ಇನ್ನೊಂದು ವಿಷಯ, ರೀಬೂಟ್ ಬೇರೆ, ರೀಸೆಟ್ ಬೇರೆ. ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚಿ ಹಿಡಿದರೆ ಕನೆಕ್ಷನ್ ಅಷ್ಟೇ ಅಲ್ಲ, ಪಾಸ್‌ವರ್ಡ್ ಸಮೇತ ಎಲ್ಲ ಸೆಟ್ಟಿಂಗ್ ಅಳಿಸಿಹೋಗಬಹುದು. ಊರಲ್ಲಿರುವ ಅಪ್ಪ ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಈ ವ್ಯತ್ಯಾಸ ಬಿಡಿಸಿ ಹೇಳಿ. ಜತೆಗೆ, ರೂಟರ್ ಎದ್ದಾಗ ಕಂಪನಿಯವರು ಕೊಡುವ ಹೊರವಿಳಾಸವೇ ಬದಲಾದರೆ ಯಾವ ರಿಜಿಸ್ಟರ್ ಉಳಿಸಿಯೂ ಹಳೇ ಟಿಸಿಪಿ ಕನೆಕ್ಷನ್ ಬದುಕಲ್ಲ. ಮನೆಯೇ ಬದಲಾದ ಮೇಲೆ ಹಳೇ ಗೇಟಿನ ಪುಸ್ತಕ ಏನು ಮಾಡೀತು?

ಕೆಲಸದಲ್ಲಿ: ದೂರದ ಸರ್ವರ್‌ನಲ್ಲಿ ದೊಡ್ಡ ಕೆಲಸ ಓಡಿಸುವಾಗ ಟಿಮಕ್ಸ್ ಅಥವಾ ಸ್ಕ್ರೀನ್ ಒಳಗೆ ಓಡಿಸಿ. ಕನೆಕ್ಷನ್ ಕಡಿದರೂ ಕೆಲಸ ಅಲ್ಲಿ ನಡೆಯುತ್ತಲೇ ಇರುತ್ತದೆ, ಮತ್ತೆ ಲಾಗಿನ್ ಆಗಿ ಹಿಡಿದುಕೊಳ್ಳಬಹುದು. ಎಸ್‌ಎಸ್‌ಎಚ್‌ನಲ್ಲಿ ಆಗಾಗ ‘ಇದ್ದೀಯಾ?’ ಅಂತ ಕೇಳುವ ಸೆಟ್ಟಿಂಗ್ ಹಾಕಿ. ಆಗ ಸತ್ತ ಕನೆಕ್ಷನ್ ಸತ್ತಿದೆ ಅಂತ ಬೇಗ ಗೊತ್ತಾಗತ್ತೆ. ಡೇಟಾಬೇಸ್ ಪೂಲ್ ಇದ್ದರೆ ಬಳಸುವ ಮೊದಲು ಕನೆಕ್ಷನ್ ಜೀವಂತ ಇದೆಯಾ ಅಂತ ಪರೀಕ್ಷಿಸುವ ಆಯ್ಕೆ ಹುಡುಕಿ. ಫೈರ್‌ವಾಲ್ ರೀಬೂಟ್ ಆದ ರಾತ್ರಿಯೇ ಒಂದು ನಿಜವಾದ ವ್ಯವಹಾರ ಮಾಡಿ ನೋಡಿ, ಬೆಳಗ್ಗೆ ಒಂಬತ್ತರವರೆಗೆ ಕಾಯಬೇಡಿ.

ಮುಟ್ಟಲು ಹೆದರುವ ಪೆಟ್ಟಿಗೆ

ಇಷ್ಟೆಲ್ಲ ಕಸರತ್ತು ಕೆಲವು ಕನೆಕ್ಷನ್ ಉಳಿಸಲಿಕ್ಕಾ? ಅದಷ್ಟೇ ಆಗಿದ್ದರೆ ಇಷ್ಟು ಉದ್ದ ಬರೆಯಬೇಕಿರಲಿಲ್ಲ.

ಫೈರ್‌ವಾಲ್‌ಗಳಲ್ಲೂ ದೋಷ ಸಿಗುತ್ತಲೇ ಇರುತ್ತದೆ, ತೇಪೆ ಬರುತ್ತಲೇ ಇರುತ್ತದೆ. ಆ ತೇಪೆಗಳಲ್ಲಿ ಹಲವು ರೀಬೂಟ್ ಬೇಡುತ್ತವೆ. ರೀಬೂಟ್ ಮಾಡಿದರೆ ಎಲ್ಲರ ಕೆಲಸ ನಿಲ್ಲುತ್ತದೆ, ಬೈಗುಳ ಬೀಳುತ್ತದೆ ಅನ್ನುವ ಹೆದರಿಕೆಯಲ್ಲಿ ‘ಈ ವಾರ ಬೇಡ, ತಿಂಗಳ ಕೊನೆಗೆ ನೋಡೋಣ’ ಅಂತ ಮುಂದೂಡಲಾಗುತ್ತದೆ. ‘ನಮ್ಮ ಫೈರ್‌ವಾಲ್ ಎರಡು ವರ್ಷದಿಂದ ಆಫೇ ಆಗಿಲ್ಲ’ ಅಂತ ಹೆಮ್ಮೆಯಿಂದ ಹೇಳುವವರೂ ಇರುತ್ತಾರೆ. ರೀಬೂಟ್ ಬೇಡುವ ತೇಪೆ ಒಂದೂ ಎರಡು ವರ್ಷದಿಂದ ಬಿದ್ದಿಲ್ಲ ಅಂತ ಅದರ ಅರ್ಥ ಇರಬಹುದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುವ ಗಾದೆ ಇಂಥವರಿಗೇ.

ಹಾಗಾಗಿ ಕನೆಕ್ಷನ್ ಸ್ಥಿತಿಯನ್ನು ಉಳಿಸುವುದರ ನಿಜವಾದ ಲಾಭ ರೀಬೂಟ್ ಅನ್ನೋದು ಮಾಮೂಲಿ ಕೆಲಸ ಆಗೋದರಲ್ಲಿದೆ. ಪಾಳಿ ಬದಲಾಗುವಾಗ ರಿಜಿಸ್ಟರ್ ಕೈಬದಲಾಯಿಸುವ ರೂಢಿ ಇದ್ದರೆ, ಕಾವಲುಗಾರನಿಗೆ ರಜೆ ಕೊಡಲು ಯಾರಿಗೂ ಭಯ ಇರಲ್ಲ. ನಿಮ್ಮ ಆಫೀಸಿನಲ್ಲಿ ಮುಂದಿನ ಸಲ ‘ಫೈರ್‌ವಾಲ್ ರೀಬೂಟ್ ಇದೆ, ಐದು ನಿಮಿಷ ತೊಂದರೆ ಆಗಬಹುದು’ ಅಂತ ಮೇಲ್ ಬಂದರೆ ಗೊಣಗಬೇಡಿ. ಗೇಟನ್ನು ಯಾರೋ ರಿಪೇರಿ ಮಾಡುತ್ತಿದ್ದಾರೆ ಅಂತ ಅರ್ಥ. ಅಂಥ ಮೇಲ್ ವರ್ಷಗಟ್ಟಲೆ ಬಂದೇ ಇಲ್ಲ ಅಂತಾದರೆ, ಮುಂದಿನ ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮಲ್ಲಿ ಎರಡನೇ ಕಾವಲುಗಾರ ಇದ್ದಾನಾ?